ಸೋಡಾ ಮುಚ್ಚಳದ ಗೋಡೆ

ನನ್ನ ತಮ್ಮನ ಸಿನಿಮಾಕ್ಕೆ ಒಬ್ಬ ಕಳ್ಳ ಬೇಕಾಗಿದ್ದ. ಊರಲ್ಲಿ ಇಷ್ಟೊಂದು ಜನ ಇರುವಾಗ ಅವನ ಕಣ್ಣು ಬಿದ್ದದ್ದು ನನ್ನ ಗಂಡನ ಮೇಲೆ. "ಭಾವನ ಮುಖ ನೋಡಿ ಆ ಕಡೆ ತಿರುಗಿದ್ರೆ ಮರೆತೇ ಹೋಗುತ್ತೆ ಅಕ್ಕ, ಕಳ್ಳನಿಗೆ ಇದಕ್ಕಿಂತ ಒಳ್ಳೆ ಮುಖ ಬೇಕಾ?" ಎಂದ. ಇದು ಹೊಗಳಿಕೆಯೋ ಬೈಗುಳವೋ ಎಂದು ನಾನು ಲೆಕ್ಕ ಹಾಕುವಷ್ಟರಲ್ಲಿ ನಮ್ಮವರು ಹೂಂ ಅಂದುಬಿಟ್ಟಿದ್ದರು. ಅವರದು ನೀರಿನ ಇಲಾಖೆಯಲ್ಲಿ ಮೀಟರ್ ನೋಡುವ ಕೆಲಸ. ಬೀದಿ ಬದಿಯ ಗುಂಡಿಯ ಮುಚ್ಚಳ ಎತ್ತುವುದು, ಇಳಿಯುವುದು, ಅಂಕಿ ಬರೆದುಕೊಂಡು ಮೇಲೆ ಬರುವುದು. ಯಾರ ತಂಟೆಗೂ ಹೋಗದ, ಯಾರಿಗೂ ಇಲ್ಲ ಎನ್ನಲು ಬಾರದ ಮನುಷ್ಯ.

ಅವರಿಗೆ ಒಂದೇ ಒಂದು ಕೆಟ್ಟ ಚಟ. ಏನೇ ಆದರೂ "ಏನಿಲ್ಲ" ಅನ್ನುವುದು. ಒಮ್ಮೆ ಕುಂಟುತ್ತ ಮನೆಗೆ ಬಂದರು, ಏನಾಯ್ತು ಎಂದರೆ ಏನಿಲ್ಲ. ಎಕ್ಸ್‌ರೇ ತೆಗೆಸಿದರೆ ಕಾಲಿನ ಮೂಳೆ ಸೀಳಿತ್ತು. ಇನ್ನೊಮ್ಮೆ ಅವರು ಗುಂಡಿಯೊಳಗಿದ್ದಾಗ ಯಾವನೋ ಲಾರಿಯ ಚಕ್ರವನ್ನು ಮುಚ್ಚಳದ ಮೇಲೆ ತಂದು ನಿಲ್ಲಿಸಿ ಊಟಕ್ಕೆ ಹೋಗಿದ್ದನಂತೆ. ಆ ಹೊತ್ತಿಡೀ ಕತ್ತಲಲ್ಲಿ ಕೂತಿದ್ದವರು ಅದನ್ನು ನನಗೆ ಹೇಳಲೇ ಇಲ್ಲ. ಅವರ ಜೊತೆ ಕೆಲಸ ಮಾಡುವವರು ಯಾವತ್ತೋ ಬಾಯಿ ಬಿಟ್ಟಾಗಲೇ, ಇವರು ಯಾಕೆ ಚಳಿಯಲ್ಲೂ ಕಿಟಕಿ ತೆರೆದೇ ಮಲಗುತ್ತಾರೆ ಎಂಬುದು ನನ್ನ ತಲೆಗೆ ಹೋದದ್ದು. ಹೋದ ವರ್ಷ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತಾಗಲೂ ಅದೇ ರಾಗ: "ಏನಿಲ್ಲ ಕಣೆ, ಗ್ಯಾಸು." ಇಷ್ಟು ತಡಮಾಡಿ ಕರಕೊಂಡು ಬಂದಿರಲ್ಲ ಎಂದು ಡಾಕ್ಟರು ಉಗಿದದ್ದು ನನಗೆ. ಆವತ್ತಿನಿಂದ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಮಾತ್ರೆಯ ಪುಟ್ಟ ಡಬ್ಬಿ ಅವರ ಅಂಗಿಯ ಜೇಬಿನಲ್ಲೇ ಇರುತ್ತದೆ. ನೋವು ಬಂದರೆ ಬಾಯಿ ಬಿಟ್ಟು ಹೇಳಿ ಎಂದು ಅಂಗಲಾಚಿದ್ದೇನೆ, ಜಗಳ ಆಡಿದ್ದೇನೆ, ಊಟ ಬಿಟ್ಟು ಮಲಗಿದ್ದೇನೆ. ಗೋಡೆಗೆ ಹೇಳಿದ ಹಾಗಾಯಿತು. ಇನ್ನೊಂದು ಸಲ ಎದೆ ಹಿಡಿದಾಗ ಈ ಮನುಷ್ಯ ಏನಿಲ್ಲ ಅನ್ನುತ್ತಲೇ ಹೋಗಿಬಿಟ್ಟರೆ ಎಂಬ ಭಯ ನನ್ನನ್ನು ಕೂತಲ್ಲಿ ಕೂರಲು ಬಿಡುವುದಿಲ್ಲ.

ಅಂಥವರನ್ನು ಸಿನಿಮಾದ ಕಳ್ಳನನ್ನಾಗಿ ಮಾಡಿದರೆ ನಾನು ಮನೆಯಲ್ಲಿ ಕೂರುವುದುಂಟೆ? ನಾನೂ ಬರುತ್ತೇನೆ ಎಂದೆ. ನಾನು ಹೊಲಿಗೆಯವಳು, ಕೈ ಚುರುಕು ಎಂದು ತಮ್ಮ ನನಗೆ ಫಿಲಂ ತುಂಬುವ ಕೆಲಸ ಕೊಟ್ಟ. ಎರಡು ತೋಳಿರುವ ಕಪ್ಪು ಚೀಲ. ಅದರೊಳಗೆ ಫಿಲಂ ಡಬ್ಬಿ, ಕ್ಯಾಮೆರಾದ ಪೆಟ್ಟಿಗೆ ಎರಡನ್ನೂ ಹಾಕಿ, ತೋಳುಗಳಲ್ಲಿ ಕೈ ತೂರಿಸಿ, ಕಾಣದೆಯೇ ಸುರುಳಿಯನ್ನು ಪೆಟ್ಟಿಗೆಯ ಚಕ್ರದ ಹಲ್ಲಿಗೆ ಸಿಕ್ಕಿಸಬೇಕು. ಒಂದು ಗೆರೆ ಬೆಳಕು ಒಳಗೆ ಹೋದರೂ ಅಷ್ಟೂ ಹಾಳು. ಕಣ್ಣು ಬಿಟ್ಟುಕೊಂಡು ಮಾಡಿದರೆ ನನಗೆ ತಪ್ಪುತ್ತಿತ್ತು. ಕಣ್ಣು ಮುಚ್ಚಿದರೆ ಬೆರಳು ತಾನೇ ದಾರಿ ಹುಡುಕುತ್ತಿತ್ತು.

ಕತೆ ಇಷ್ಟು: ಇಬ್ಬರು ಸೇರಿ ಬ್ಯಾಂಕಿನ ಖಜಾನೆ ದೋಚುತ್ತಾರೆ, ಗಂಟು ಕೈಗೆ ಬಂದಮೇಲೆ ಒಬ್ಬ ಇನ್ನೊಬ್ಬನನ್ನು ಖಜಾನೆ ಕೋಣೆಯೊಳಗೆ ಹಾಕಿ ಬಾಗಿಲು ಎಳೆದುಕೊಂಡು ಹೋಗುತ್ತಾನೆ. ಒಳಗೆ ಉಳಿಯುವವರು ನಮ್ಮವರು. ಬಾಗಿಲು ಎಳೆಯುವವನು ಒಬ್ಬ ವಿಮೆ ಏಜೆಂಟ್, ತಮ್ಮನ ಗೆಳೆಯ. ನಿರ್ದೇಶನ, ಕ್ಯಾಮೆರಾ ಎರಡೂ ತಮ್ಮನದೇ. ಸಿನಿಮಾ ಕಪ್ಪುಬಿಳುಪು ಯಾಕೆಂದು ಯಾರಾದರೂ ಕೇಳಿದರೆ ಅವನು ನೆರಳು, ಆತ್ಮ ಎಂದು ಏನೇನೋ ಹೇಳುತ್ತಿದ್ದ. ಯಾವುದೋ ಸ್ಟುಡಿಯೋ ಬಾಗಿಲು ಹಾಕುವಾಗ ಅವಧಿ ಮುಗಿದ ಕಪ್ಪುಬಿಳುಪು ಫಿಲಂ ಪುಕ್ಕಟೆ ಸಿಕ್ಕಿತ್ತು, ಅಷ್ಟೇ ಸಂಗತಿ. ಅದೂ ಎಣಿಸಿದಷ್ಟೇ ಸುರುಳಿ. ಅದಕ್ಕೇ ಅವನದು ಒಂದು ಕಟ್ಟಪ್ಪಣೆ: ಅವನ ಬಾಯಿಂದ ಕಟ್ ಬರುವವರೆಗೆ ಆಕಾಶ ಕಳಚಿ ಬಿದ್ದರೂ ಯಾರೂ ನಿಲ್ಲಿಸುವಂತಿಲ್ಲ, ಯಾರೂ ಕ್ಯಾಮೆರಾದ ಮುಂದೆ ಹೋಗುವಂತಿಲ್ಲ.

ಮುಚ್ಚಿಹೋಗಿದ್ದ ಒಂದು ಬ್ಯಾಂಕಿನ ಕಟ್ಟಡ ಸಿಕ್ಕಿತ್ತು. ಅದರ ಹಿಂಭಾಗದಲ್ಲಿ ನಿಜವಾದ ಖಜಾನೆ ಕೋಣೆ, ದಪ್ಪ ಬಾಗಿಲು. ಎಳೆದರೆ ತಾನೇ ಬೀಗ ಬೀಳುವಂಥದ್ದು. ಕೀ ಹೆಡ್ ಆಫೀಸಿನಲ್ಲಿ. ಮೊದಲ ದಿನ ಕಟ್ಟಡದ ಕಾವಲುಗಾರ ನಮ್ಮನ್ನೆಲ್ಲ ಆ ಕೋಣೆಯೊಳಗೆ ಕರೆದು ಬಾಗಿಲ ಪಕ್ಕದ ಗೋಡೆಯಲ್ಲಿದ್ದ ಒಂದು ದುಂಡನೆಯ ಬಟನ್ ತೋರಿಸಿದ್ದ. "ಯಾರಾದ್ರೂ ಒಳಗೆ ಸಿಕ್ಕಾಕ್ಕೊಂಡ್ರೆ ಇದನ್ನ ಒತ್ತಿ, ಬಾಗಿಲು ತೆಗೆದುಕೊಳ್ಳುತ್ತೆ. ಕತ್ತಲಲ್ಲೂ ಹೊಳೆಯೋ ಬಣ್ಣ ಹಾಕಿದಾರೆ." ಮೇಲೆ ಒಂದು ಮೂಲೆಯಲ್ಲಿ ಎರಡು ಬೆರಳು ತೂರುವಷ್ಟು ಗಾಳಿಕಿಂಡಿಯೂ ಇತ್ತು. ನಮ್ಮವರು ಬಟನ್ ಅನ್ನು ಎರಡು ಸಲ ಮುಟ್ಟಿ ನೋಡಿದ್ದು ನನಗೆ ನೆನಪಿದೆ.

ಆದರೆ ತಮ್ಮನಿಗೆ ಆ ಕೋಣೆ ಹಿಡಿಸಲಿಲ್ಲ. ಬೋಳು ಗೋಡೆ, ಇದೇನು ಬ್ಯಾಂಕೋ ಸ್ನಾನದ ಮನೆಯೋ ಎಂದ. ಅಲಂಕಾರ ನೋಡಿಕೊಳ್ಳುತ್ತಿದ್ದ ಡ್ರಾಯಿಂಗ್ ಟೀಚರ್ ಇದಕ್ಕೆ ಉಪಾಯ ಹುಡುಕಿದಳು. ಚೀಲಗಟ್ಟಲೆ ಸೋಡಾ ಬಾಟಲಿ ಮುಚ್ಚಳ ತಂದು ಗೋಡೆಯ ತುಂಬ ಸಾಲುಸಾಲಾಗಿ ಅಂಟಿಸಿ ಮೇಲೆ ಬಣ್ಣ ಬಳಿದಳು. ಕಪ್ಪುಬಿಳುಪಿನಲ್ಲಿ ಬಣ್ಣ ಯಾವುದಾದರೇನು, ಎಷ್ಟು ಕಪ್ಪು ಎಷ್ಟು ಬಿಳಿ ಎಂಬುದಷ್ಟೇ ಲೆಕ್ಕ. ಅವಳ ಮನೆಯ ಅಟ್ಟದಲ್ಲಿ ಉಳಿದಿದ್ದ ಗಿಣಿ ಹಸಿರು, ಯಾರದೋ ಗೇಟಿನ ಇಟ್ಟಿಗೆ ಕೆಂಪು, ಎಲ್ಲ ಅಲ್ಲಿ ಸೇರಿತು. ಕಣ್ಣಿಗೆ ನೋಡಿದರೆ ವಾಂತಿ ಬರುವ ಹಾಗಿತ್ತು. ಫಿಲಂ ತೊಳೆದು ನೋಡಿದರೆ ಉಕ್ಕಿನ ಹಾಳೆಗೆ ದಪ್ಪ ದಪ್ಪ ಮೊಳೆ ಬಡಿದ ಕಬ್ಬಿಣದ ಕೋಟೆ. ತಮ್ಮ ಅವಳ ಕೈಗೆ ಮುತ್ತಿಡುವುದೊಂದು ಬಾಕಿ.

ಎರಡೇ ಎರಡು ಕಡೆ ಕಿರಿಕಿರಿ. ನಮ್ಮವರ ತಲೆಯ ಹಿಂದೆ ಏನೋ ಒಂದು ಬಿಳಿ ಚುಕ್ಕೆ ಮಿಣಮಿಣ ಎನ್ನುತ್ತಿತ್ತು, ಮೇಲಿನ ಮೂಲೆಯಿಂದ ಬೆಳಕಿನ ಗೆರೆಯೊಂದು ಇಳಿಯುತ್ತಿತ್ತು. "ಅದೆರಡನ್ನೂ ತೆಗೆಸಿ ಮೇಡಂ," ಎಂದ ತಮ್ಮ. ಅವಳು ತೆಗೆಸಿದಳು. ಹೇಗೆ ಎಂದು ನಾವು ಯಾರೂ ಕೇಳಲಿಲ್ಲ.

ಕೊನೆಯ ದಿನ ಯಾರಿಗೂ ಕೂರಲು ನಿಲ್ಲಲು ಆಗುತ್ತಿರಲಿಲ್ಲ. ಮಾರನೆಯ ದಿನ ಕಟ್ಟಡ ಬೇರೆಯವರ ಕೈಗೆ ಹೋಗುವುದಿತ್ತು. ಡಬ್ಬಿಯಲ್ಲಿ ಉಳಿದದ್ದು ಒಂದೇ ಸುರುಳಿ, ಚಿತ್ರಿಸಬೇಕಾಗಿದ್ದದ್ದು ಬಾಗಿಲು ಹಾಕುವ ದೃಶ್ಯ. ತಮ್ಮ ಬೆಳಿಗ್ಗೆಯಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದ. ಏಜೆಂಟ್ ಕಿಟಕಿಯ ಗಾಜಿನ ಮುಂದೆ ನಿಂತು ದುಷ್ಟನ ನಗು ಅಭ್ಯಾಸ ಮಾಡುತ್ತಿದ್ದ. ನಾನು ಮೂಲೆಯಲ್ಲಿ ಕಣ್ಣು ಮುಚ್ಚಿ ಚೀಲದೊಳಗೆ ಸುರುಳಿ ಸಿಕ್ಕಿಸುತ್ತಿದ್ದೆ. ಆ ಸುರುಳಿಯನ್ನು ಎರಡು ಸಲ ತಪ್ಪು ಸಿಕ್ಕಿಸಿ ಬಿಚ್ಚಬೇಕಾಯಿತು, ಯಾವತ್ತೂ ಹಾಗಾದವಳಲ್ಲ.

ನಮ್ಮವರು ಕಳ್ಳನ ಕಪ್ಪು ಅಂಗಿ ಹಾಕಿಕೊಂಡು ಬಂದು ತಮ್ಮನನ್ನು ಕೇಳಿದರು. "ಬಾಗಿಲಿಗೆ ಮರದ ತುಂಡು ಅಡ್ಡ ಇಡ್ತೀಯಲ್ಲ?"

"ಇಟ್ಟೇ ಇಡ್ತೀನಿ ಭಾವ. ಬಾಗಿಲು ಪೂರ್ತಿ ಹಾಕ್ಕೊಳ್ಳಲ್ಲ. ಕ್ಯಾಮೆರಾ ಈ ಕಡೆಯಿಂದ ನೋಡುತ್ತಲ್ಲ, ಹಾಕ್ಕೊಂಡ ಹಾಗೆ ಕಾಣುತ್ತೆ. ನೀವು ಒಳಗಿಂದ ತಟ್ಟುತ್ತಾ ಇರಿ. ನಾನು ಕಟ್ ಅನ್ನೋವರೆಗೂ ನಿಲ್ಲಿಸ್ಬೇಡಿ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದು ಕೇಳಿದರು. "ಮರದ ತುಂಡು ಗಟ್ಟಿ ಇದೆಯಾ?"

ಈ ಮನುಷ್ಯ ಒಂದು ಮಾತನ್ನು ಎರಡು ಸಲ ಕೇಳುವುದೆಂದರೆ ಬೇರೆಯವರು ಬಾಯಿ ಬಡಿದುಕೊಂಡ ಹಾಗೆ. "ರೀ, ಭಯ ಆಗ್ತಿದ್ರೆ ಬೇಡ ಅನ್ನಿ. ನಾನು ಹೇಳ್ತೀನಿ ಅವನಿಗೆ," ಎಂದೆ.

"ಏನಿಲ್ಲ ಕಣೆ," ಎಂದು ಒಳಗೆ ಹೋದರು.

ಕ್ಯಾಮೆರಾ ಕರಕರ ಎಂದು ಓಡತೊಡಗಿತು. ಏಜೆಂಟ್ ಗಂಟನ್ನು ಹೆಗಲಿಗೇರಿಸಿ ಒಳಗೆ ಒಮ್ಮೆ ನೋಡಿ ನಕ್ಕ. ನಗು ಚೆನ್ನಾಗಿ ಬಂತೆಂದು ಅವನಿಗೇ ಅನ್ನಿಸಿರಬೇಕು, ಮೈಮೇಲೆ ಬಂದವನ ಹಾಗೆ ಬಾಗಿಲನ್ನು ಎರಡೂ ಕೈಯಿಂದ ದೂಡಿದ. ಕಾಲು ಮರದ ತುಂಡಿಗೆ ತಾಗಿತು. ತುಂಡು ಜಾರಿ ಆಚೆ ಹೋಯಿತು. ಬಾಗಿಲು ದಢಾರನೆ ಬಡಿದುಕೊಂಡಿತು. ಕೆಳಗಿನ ಸಂದಿಯಿಂದ ಒಳಗೆ ಹೋಗಿದ್ದ ದೀಪದ ತಂತಿ ಅಪ್ಪಚ್ಚಿಯಾಗಿ ಫ್ಯೂಸ್ ಹಾರಿತು. ಹೊರಗೆ ಕಿಟಕಿಯ ಬೆಳಕಿತ್ತು, ಕ್ಯಾಮೆರಾ ಬ್ಯಾಟರಿಯದು, ಅದು ನಿಲ್ಲಲಿಲ್ಲ.

ಒಳಗಿಂದ ತಟ್ಟುವುದು ಕೇಳಿಸಿತು. ಮೊದಲು ನಿಧಾನ, ಆಮೇಲೆ ಒಂದರ ಮೇಲೊಂದು.

"ಲೋ, ನಿಲ್ಲಿಸೋ. ಬಾಗಿಲು ನಿಜವಾಗ್ಲೂ ಹಾಕ್ಕೊಂಡಿದೆ," ಎಂದೆ.

ತಮ್ಮ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಒಂದು ಬೆರಳು ಎತ್ತಿದ. ತಾಳು ಎಂದು. ಅವನ ತುಟಿಯಲ್ಲಿ ನಗುವಿತ್ತು. ಭಾವ ಎಷ್ಟು ಚೆನ್ನಾಗಿ ತಟ್ಟುತ್ತಿದ್ದಾರೆ ಎಂದು ಅವನು ಹಿಗ್ಗುತ್ತಿದ್ದ. ನನ್ನ ಒಡಹುಟ್ಟಿದವನನ್ನು ಆ ಗಳಿಗೆಯಲ್ಲಿ ನಾನು ದ್ವೇಷಿಸಿದೆ, ಇದನ್ನು ಮುಚ್ಚಿಟ್ಟು ಹೇಳಲಾರೆ.

ತಟ್ಟುವುದು ನಿಂತುಹೋಯಿತು. ಕಟ್ ಎನ್ನುವವರೆಗೆ ನಿಲ್ಲಿಸಬೇಡಿ ಎಂದಿದ್ದಕ್ಕೆ ಹೂಂ ಅಂದವರು, ಹೇಳಿದ ಮಾತು ತಪ್ಪುವವರಲ್ಲ. ನಾನು ಅಪ್ಪಣೆ ಗಿಪ್ಪಣೆ ನೋಡದೆ ಕ್ಯಾಮೆರಾದ ಮುಂದೆಯೇ ಓಡಿದೆ. ಆಗ ಕಟ್ ಎಂದ ತಮ್ಮ.

ತಮ್ಮ, ಏಜೆಂಟ್ ಇಬ್ಬರೂ ಹ್ಯಾಂಡಲ್ ತಿರುಗಿಸಿದರು, ಜಗ್ಗಿದರು, ಭುಜ ಕೊಟ್ಟು ಒತ್ತಿದರು. ಅದು ಕದಲಲಿಲ್ಲ. ಏಜೆಂಟ್ ಮುಖ ಬಿಳಿಚಿಕೊಂಡು ಫೋನ್ ಮಾಡತೊಡಗಿದ. ಹೆಡ್ ಆಫೀಸಿನಲ್ಲಿ ಕೀ ಇಟ್ಟುಕೊಂಡವರು ರಜೆಯಲ್ಲಿದ್ದರು. ಅಗ್ನಿಶಾಮಕದವರು ಹೊರಟಿದ್ದೇವೆ ಎಂದರು, ಸೇತುವೆಯ ಮೇಲೆ ಗಾಡಿಗಳ ಸಾಲು ನಿಂತಿದೆ ಎಂದೂ ಹೇಳಿದರು. ಎದುರಿನ ಕುರ್ಚಿಯ ಮೇಲೆ ನಮ್ಮವರ ಅಂಗಿ ಮಡಚಿ ಇಟ್ಟಿತ್ತು. ಜೇಬಿನಲ್ಲಿ ಫೋನು. ಅದೇ ಜೇಬಿನಲ್ಲಿ ಮಾತ್ರೆಯ ಡಬ್ಬಿ. ಡಬ್ಬಿಯನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಬಟನ್ ಇದೆಯಲ್ಲ ಅಕ್ಕ," ಎಂದ ತಮ್ಮ. "ಹೊಳೆಯೋ ಬಟನ್. ಭಾವನಿಗೆ ಗೊತ್ತು."

ಡ್ರಾಯಿಂಗ್ ಟೀಚರ್ ಇದ್ದ ಜಾಗದಲ್ಲೇ ಕುಸಿದು ಕೂತಳು. "ಹೊಳೀತಿತ್ತು ಅಂತಲೇ ಅದಕ್ಕೂ ಬಣ್ಣ ಹೊಡೆದ್ಬಿಟ್ಟೆ," ಎಂದಳು. "ಸುತ್ತ ಮುಚ್ಚಳ ಅಂಟಿಸಿದೀನಿ. ಈಗ ಅದೂ ಒಂದು ಮುಚ್ಚಳದ ಹಾಗೇ ಇದೆ. ಕಿಂಡಿಗೂ ಬಟ್ಟೆ ತುರುಕಿದೀನಿ."

ಅವಳನ್ನು ಬೈಯಲು ನನ್ನಲ್ಲಿ ಉಸಿರಿರಲಿಲ್ಲ. ಕಿಂಡಿ ಇದ್ದ ಪಕ್ಕದ ಓಣಿಗೆ ಓಡಿ, ಮೇಜಿನ ಮೇಲೆ ಸ್ಟೂಲು ಹಾಕಿ ಹತ್ತಿ, ಕಿಂಡಿಯ ಬಟ್ಟೆಯನ್ನು ಕತ್ತರಿಯಿಂದ ಮೀಟಿ ಎಳೆದೆ. ಒಳಗಿನ ಬಿಸಿ ಗಾಳಿ, ಬಣ್ಣದ ಘಾಟು ಮುಖಕ್ಕೆ ಹೊಡೆಯಿತು.

"ರೀ. ಕೇಳಿಸ್ತಿದೆಯಾ?"

ಆಮೇಲೆ, ಎಲ್ಲೋ ತಳದಿಂದ: "ಹೂಂ. ಏನಿಲ್ಲ ಕಣೆ."

"ಉಸಿರು ಆಡ್ತಿದೆಯಾ?"

"ಏನಿಲ್ಲ. ನೀನು ಗಾಬರಿ ಆಗ್ಬೇಡ. ಏನಿಲ್ಲ."

ಒಂದು ಏನಿಲ್ಲ ಎಂದರೆ ಮುರಿದ ಕಾಲು. ಈಗ ಮೂರು ಬಂದಿತ್ತು. ನಡುವೆ ಗರಗರ ಉಸಿರು. ನನಗೆ ಕಿರುಚಬೇಕೆನ್ನಿಸಿತು. ಕಿರುಚಿದರೆ ಅವರು ನನ್ನನ್ನೇ ಸಮಾಧಾನ ಮಾಡುತ್ತ ಕೂರುತ್ತಾರೆಂದು ಗೊತ್ತಿತ್ತು, ಅದಕ್ಕೆ ಗದರಿದೆ.

"ಬಾಗಿಲ ಪಕ್ಕದ ಬಟನ್ ಇದೆಯಲ್ಲ, ಅದಕ್ಕೂ ಬಣ್ಣ ಹೊಡೆದಿದಾರೆ. ಕೈಯಲ್ಲಿ ಹುಡುಕಿ."

"ಹುಡುಕಿದೆ. ಎಲ್ಲಾ ಮುಚ್ಚಳವೇ. ಎಲ್ಲಾ ಒಂದೇ ಥರ ಇದೆ ಕಣೆ."

"ಒಂದೇ ಥರ ಇಲ್ಲ. ಕಣ್ಣು ಮುಚ್ಕೊಳ್ಳಿ."

"ಇಷ್ಟು ಕತ್ತಲಲ್ಲಿ ಕಣ್ಣು ಮುಚ್ಚೋದೇನು?"

"ಮುಚ್ಕೊಳ್ಳಿ ಅಂದ್ನಲ್ಲ. ನಾನು ಚೀಲದಲ್ಲಿ ಕೈ ಹಾಕಿದಾಗ ಮಾಡೋದೇ ಹಾಗೆ. ನೋಡ್ಬೇಕು ಅನ್ನೋ ಆಸೆ ಬಿಟ್ರೆ ಕೈಗೆ ಬುದ್ಧಿ ಬರುತ್ತೆ. ಮುಚ್ಕೊಂಡ್ರಾ?"

"ಹೂಂ."

"ಬಾಗಿಲ ಚೌಕಟ್ಟು ಹಿಡ್ಕೊಳ್ಳಿ. ಎದೆ ಎತ್ತರಕ್ಕೆ ಬನ್ನಿ. ಈಗ ಒಂದೊಂದರ ಅಂಚನ್ನೂ ಬೆರಳಲ್ಲಿ ಸುತ್ತ ಸವರಿ. ಸೋಡಾ ಮುಚ್ಚಳ ಆದ್ರೆ ಅಂಚೆಲ್ಲ ಹಲ್ಲು ಹಲ್ಲು ಇರುತ್ತೆ. ಬಟನ್ನಿಗೆ ಹಲ್ಲಿಲ್ಲ. ನುಣ್ಣಗಿರುತ್ತೆ. ಸಿಕ್ಕಿದ್ದು ಸಿಕ್ಕಿದ ಹಾಗೆ ಹೇಳ್ತಾ ಹೋಗಿ, ಸುಮ್ಮನಿರ್ಬೇಡಿ."

"ಹಲ್ಲು," ಎಂದರು. ಆಮೇಲೆ ಮತ್ತೆ "ಹಲ್ಲು."

ಸ್ಟೂಲು ನನ್ನ ಕಾಲಡಿಯಲ್ಲಿ ಅಲುಗಾಡುತ್ತಿತ್ತು, ಕೆಳಗೆ ಟೀಚರ್ ಅದರ ಕಾಲನ್ನು ಹಿಡಿದುಕೊಂಡು ಅಳುತ್ತಿದ್ದಳು. ಹಲ್ಲು, ಹಲ್ಲು, ಹಲ್ಲು. ಧ್ವನಿ ಸಣ್ಣದಾಗುತ್ತ ಹೋಯಿತು. ಒಮ್ಮೆ ಏನೋ ಜಾರಿದ ಸದ್ದು. ಅವರು ಮಂಡಿಯೂರಿರಬೇಕು. ಆಮೇಲೆ ಮಾತಿಲ್ಲ.

"ರೀ. ಏಳಿ. ಏಳ್ತೀರೋ ಇಲ್ವೋ? ಮನೆಗೆ ಹೋದ್ಮೇಲೆ ಎಷ್ಟು ಬೇಕಾದ್ರೂ ಕೂರಿ. ಈಗ ಎದ್ದು ಸವರಿ."

ಎಷ್ಟೋ ಹೊತ್ತಾದಮೇಲೆ, "ಹಲ್ಲು." ಮತ್ತೆ ಒಂದು "ಹಲ್ಲು." ಆಮೇಲೆ ನಿಂತಿತು. ನಾನು ಕಿಂಡಿಗೆ ಕಿವಿ ಒತ್ತಿದೆ.

"ನುಣ್ಣಗಿದೆ," ಎಂದರು.

"ಒತ್ತಿ."

"ಒತ್ತಿದ್ರೆ ಹೋಗ್ತಿಲ್ಲ. ಬಣ್ಣ ಅಂಟ್ಕೊಂಡಿದೆ."

"ಶೂ ಬಿಚ್ಚಿ, ಹಿಮ್ಮಡಿ ಕಡೆಯಿಂದ ಹೊಡೀರಿ. ನಿಮಗೆ ಯಾರ ಮೇಲೆ ಸಿಟ್ಟಿದೆಯೋ ಅವರನ್ನ ನೆನೆಸ್ಕೊಂಡು ಹೊಡೀರಿ."

ಈ ಮನುಷ್ಯನಿಗೆ ಯಾರ ಮೇಲೂ ಸಿಟ್ಟಿಲ್ಲವಲ್ಲ ಎಂದು ಆಗ ನನಗೆ ಹೆದರಿಕೆಯಾಯಿತು. ಆದರೆ ಅವರು ಹೊಡೆದರು. ಮೂರನೆಯದೋ ನಾಲ್ಕನೆಯದೋ ಏಟಿಗೆ ಒಳಗೆ ಕಬ್ಬಿಣ ಕಳಚಿಕೊಂಡ ಸದ್ದಾಯಿತು. ನಾನು ಸ್ಟೂಲಿನಿಂದ ಹೇಗೆ ಇಳಿದೆನೋ ಗೊತ್ತಿಲ್ಲ. ಮಂಡಿ ತರಚಿದ್ದು ಸಂಜೆ ನೋಡಿಕೊಂಡೆ.

ಬಾಗಿಲು ತೆರೆದುಕೊಂಡಿತು. ಅವರು ತೆವಳಿಕೊಂಡು ಹೊರಗೆ ಬಂದರು, ಒಂದು ಕಾಲಲ್ಲಿ ಮಾತ್ರ ಶೂ. ಉಗುರುಗಳ ತುಂಬ ಹಸಿರು, ಕೆಂಪು ಬಣ್ಣ. ನಾನು ನೆಲದಲ್ಲಿ ಕೂತು ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟೆ. ಅವರು ನನ್ನ ಸೊಂಟ ತಬ್ಬಿಕೊಂಡು ಬಾಯಿ ತೆರೆದು ಅತ್ತರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಅತ್ತಿದ್ದನ್ನು ನಾನು ಕಂಡಿರಲಿಲ್ಲ. ಮೂಗು ಸುರಿಯುತ್ತಿತ್ತು, ಜೊಲ್ಲು ಸುರಿಯುತ್ತಿತ್ತು. ನಾನು ಸೆರಗು ಗಿರಗು ನೋಡದೆ ಒರೆಸುತ್ತಿದ್ದೆ.

ಆಗ ಕಿವಿಗೆ ಬಿತ್ತು. ಕರಕರ ಕರಕರ.

ತಲೆ ಎತ್ತಿದೆ. ತಮ್ಮ ಮಂಡಿಯೂರಿ ಕೂತಿದ್ದ. ಕಣ್ಣು ಕ್ಯಾಮೆರಾದಲ್ಲಿತ್ತು. ಬಾಗಿಲು ತೆರೆಯುವ ಸದ್ದು ಕೇಳಿದ ತಕ್ಷಣ ಮತ್ತೆ ಶುರು ಮಾಡಿದ್ದ.

"ನಿಲ್ಲಿಸು," ಎಂದೆ.

ನಿಲ್ಲಿಸಿದ. ಅವನ ಕಣ್ಣಲ್ಲೂ ನೀರಿತ್ತು, ಅದನ್ನು ಇಲ್ಲ ಎನ್ನಲಾರೆ. "ಅಕ್ಕ, ಬೈಬೇಡ. ನನಗೂ ಜೀವ ಬಾಯಿಗೆ ಬಂದಿತ್ತು. ಆದ್ರೆ ಈಗ ಏನೂ ಆಗಿಲ್ವಲ್ಲ. ಇಂಥ ಮುಖ ಯಾವ ನಟನಿಂದಲೂ ತೆಗೆಸೋಕೆ ಆಗಲ್ಲ. ಇದೊಂದರಿಂದ ಸಿನಿಮಾ ಎದ್ದು ನಿಲ್ಲುತ್ತೆ." ಅವರ ಕಡೆ ತಿರುಗಿದ. "ಭಾವ, ನೀವೇ ಹೇಳಿ ಅಕ್ಕನಿಗೆ. ಏನಿಲ್ಲ ತಾನೆ?"

ಎಲ್ಲರೂ ಅವರ ಬಾಯಿಯನ್ನೇ ನೋಡಿದರು. ಆ ಬಾಯಿಂದ ಏನು ಬರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಆಗಲೇ ಮುಖ ತಿರುಗಿಸಿದ್ದೆ.

"ತುಂಬಾ ಭಯ ಆಯ್ತು," ಎಂದರು ಅವರು. "ಸತ್ತೇ ಹೋದೆ ಅಂದ್ಕೊಂಡೆ. ಇದನ್ನ ಯಾರಿಗೂ ತೋರಿಸ್ಬೇಡಪ್ಪ. ನನಗೆ ನಾಚಿಕೆ ಆಗುತ್ತೆ."

ತಮ್ಮ ಬಾಯಿ ತೆರೆದ. ಅವನು ಏನಾದರೂ ಹೇಳುವುದಕ್ಕೆ ಮುಂಚೆ ನಾನು ಎದ್ದಿದ್ದೆ. ಕ್ಯಾಮೆರಾವನ್ನು ಕಿಟಕಿಯ ಹತ್ತಿರ ಬಿಸಿಲಿಗೆ ಒಯ್ದೆ. ಅದರ ಕೊಂಡಿ ಎಲ್ಲಿದೆ ಎಂದು ನನ್ನ ಬೆರಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬರಿ ಮುಚ್ಚಳ ತೆಗೆದರೆ ಮೇಲಿನ ಸುತ್ತು ಮಾತ್ರ ಹಾಳಾಗುತ್ತದೆ, ಒಳಗಿನದು ಉಳಿದುಕೊಳ್ಳುತ್ತದೆ. ಅದೂ ನನಗೆ ಗೊತ್ತಿತ್ತು. ಅದಕ್ಕೇ ಮುಚ್ಚಳ ತೆರೆದು, ಸುರುಳಿಯನ್ನು ಹೊರಗೆ ತೆಗೆದು, ತುದಿ ಹಿಡಿದು ಎಳೆದೆ. ಕೊನೆಯವರೆಗೂ ಎಳೆದೆ. ಅಷ್ಟು ದಿನ ಒಂದು ಗೆರೆ ಬೆಳಕು ತಾಗದ ಹಾಗೆ ಕಾಪಾಡಿದ್ದ ಫಿಲಂ ನನ್ನ ಕಾಲ ಬಳಿ ರಾಶಿ ಬಿತ್ತು. ಅದರಲ್ಲಿ ಏಜೆಂಟನ ನಗುವೂ ಇತ್ತು, ಬಾಗಿಲೂ ಇತ್ತು, ಸಿನಿಮಾದ ಕೊನೆಯೂ ಇತ್ತು.

ಯಾರೂ ತಡೆಯಲಿಲ್ಲ. ತಮ್ಮ ರಾಶಿಯನ್ನು ನೋಡುತ್ತ ನಿಂತಿದ್ದ. "ಬೇರೆ ಫಿಲಂ ಇಲ್ಲ ಅಕ್ಕ," ಎಂದ, ಮೆಲ್ಲಗೆ.

"ಗೊತ್ತು," ಎಂದೆ. ನನಗೆ ಅವನ ಮೇಲೆ ಕನಿಕರವಾಯಿತು. ಮಾಡಿದ್ದಕ್ಕೆ ಪಶ್ಚಾತ್ತಾಪವಾಗಲಿಲ್ಲ, ಇವತ್ತಿಗೂ ಇಲ್ಲ.

ನಮ್ಮವರ ಹತ್ತಿರ ಬಂದು ಅಂಗಿ ತೊಡಿಸಿದೆ. ಗುಂಡಿ ಹಾಕಿದೆ. "ಏಳೋಕಾಗುತ್ತಾ? ಮನೆಗೆ ಹೋಗೋಣ," ಎಂದೆ.

ಅವರು ನನ್ನ ಮುಖ ನೋಡಿದರು. ತುಟಿ "ಏ" ಎನ್ನಲು ಹೊರಟಿದ್ದು ನನಗೆ ಕಾಣಿಸಿತು. ಅಲ್ಲೇ ತಡೆಯಿತು.

"ಮನೆ ಬೇಡ," ಎಂದರು. "ನೋಯ್ತಿದೆ ಕಣೆ. ಮಾತ್ರೆ ಇಟ್ಕೊಂಡ್ರೂ ಹೋಗ್ತಿಲ್ಲ. ಆಸ್ಪತ್ರೆಗೆ ಹೋಗೋಣ."

ತಮ್ಮ ಫಿಲಂ ರಾಶಿಯನ್ನು ತುಳಿದುಕೊಂಡೇ ವ್ಯಾನಿನ ಕೀ ಹುಡುಕಲು ಓಡಿದ. ಏಜೆಂಟ್, ಟೀಚರ್, ನಾನು ಮೂವರೂ ಸೇರಿ ಅವರನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ತಮ್ಮ ಹಾರನ್ನಿನ ಮೇಲಿಂದ ಕೈ ತೆಗೆಯದೆ ಓಡಿಸಿದ. ಎಲ್ಲಿ ನೋಯುತ್ತಿದೆ ಎಂದು ನಾನು ಕೇಳಿದೆ. ಅವರು ಕಣ್ಣು ಮುಚ್ಚಿಕೊಂಡೇ ನನ್ನ ಬೆರಳು ಹಿಡಿದು, ಎದೆಯ ಮೇಲೆ ಸವರಿಸಿ, ನೋವಿರುವ ಜಾಗದಲ್ಲಿ ಇಟ್ಟರು.